ಕೈ ಹಿಡಿದ ಕೆಲಸ, ಮನಸ್ಸು ಬೇಡಿದ ಕೆಲಸ

ಜಗತ್ತಿನ ದೊಡ್ಡ ಬ್ಯಾಂಕುಗಳು ತತ್ತರಿಸಿದ ಮರುವರ್ಷ, ಅಂದರೆ 2009ರಲ್ಲಿ, ಹಾಂಗ್‌ಕಾಂಗ್‌ನ ಮಾಂಗ್ ಕಾಕ್ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ ಒಂದು ಡಿಮ್ ಸಮ್ ಅಂಗಡಿ ಶುರುವಾಯಿತು. ಸುಮಾರು ಇಪ್ಪತ್ತು ಮಂದಿ ಕೂತರೆ ಭರ್ತಿ. ಹೆಸರು ಟಿಮ್ ಹೋ ವಾನ್. ಅದನ್ನು ಜೊತೆಗಾರರೊಂದಿಗೆ ತೆರೆದ ಮಾಕ್ ಕ್ವಾಯ್ ಪುಯ್ ಅವರು ಅದಕ್ಕೆ ಮೊದಲು ಫೋರ್ ಸೀಸನ್ಸ್ ಹೋಟೆಲಿನ ಲುಂಗ್ ಕಿಂಗ್ ಹೀನ್‌ನಲ್ಲಿ ಡಿಮ್ ಸಮ್ ಬಾಣಸಿಗರಾಗಿದ್ದವರು. ಮಿಷೆಲಿನ್ ಕೈಪಿಡಿಯ ಮೂರು ತಾರೆಗಳನ್ನು ಪಡೆದ ಮೊದಲ ಚೀನೀ ರೆಸ್ಟೋರೆಂಟು ಅದು. ಅಂಥ ಜಾಗ ಬಿಟ್ಟು ಬಂದು ತೆರೆದ ಪುಟ್ಟ ಅಂಗಡಿಗೆ 2010ರ ಕೈಪಿಡಿಯಲ್ಲಿ ಒಂದು ತಾರೆ ಸಿಕ್ಕಿತು. ಅಗ್ಗದ ದರದಲ್ಲಿ ಮಿಷೆಲಿನ್ ತಾರೆಯ ತಿಂಡಿ ಸಿಗುವ ಜಾಗವೆಂಬ ಸುದ್ದಿ ದೇಶದೇಶಗಳ ಪತ್ರಿಕೆಗಳಲ್ಲಿ ಬಂತು. ಬಾಗಿಲ ಮುಂದೆ ಗಂಟೆಗಟ್ಟಲೆ ಕಾಯುವವರ ಸಾಲು ಬೆಳೆಯಿತು.

ಕೆಲಸದಲ್ಲಿ ಸಾರ್ಥಕತೆಯನ್ನು ಹುಡುಕಲೇಬೇಕು ಎನ್ನುವವರಿಗೆ ಇದು ಒಳ್ಳೆಯ ಸಾಕ್ಷಿ. ದೊಡ್ಡ ಹೋಟೆಲಿನ ಭದ್ರತೆಯನ್ನು ಬಿಟ್ಟು, ಸಾಮಾನ್ಯರ ಕೈಗೆಟಕುವ ಬೆಲೆಗೆ ತನ್ನ ಕೈರುಚಿಯನ್ನು ಬಡಿಸಿದ ಮನುಷ್ಯನ ಬಾಗಿಲಿಗೆ ಜಗತ್ತೇ ಬಂದು ನಿಂತಿತಲ್ಲ ಎಂದು ಅವರು ಕೇಳುತ್ತಾರೆ. ಕೆಲಸವೆಂಬುದು ಹೊಟ್ಟೆಪಾಡು, ಸಾರ್ಥಕತೆ ಬೇರೆಡೆ ಇರಲಿ ಎನ್ನುವವರೂ ಇದೇ ಕಥೆಯನ್ನು ಎತ್ತಿಕೊಂಡು ಮರುಪ್ರಶ್ನೆ ಹಾಕುತ್ತಾರೆ: ಅಂಗಡಿ ತೆರೆದು, ಕೈ ಸುಟ್ಟುಕೊಂಡು, ಸದ್ದಿಲ್ಲದೆ ಬಾಗಿಲು ಹಾಕಿದವರ ಹೆಸರು ಯಾರಿಗೆ ನೆನಪಿದೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳ ಬೆನ್ನಿಗೆ ಇನ್ನೊಂದು ಸಣ್ಣ ಪ್ರಶ್ನೆಯೂ ಅಂಟಿಕೊಂಡಿದೆ: ಆ ಸಾಲಿನಲ್ಲಿ ಹೋಗಿ ನಿಲ್ಲುವುದು ಜಾಣತನವೇ? ಒಂದು ಇಡೀ ಬದುಕಿನ ಪ್ರಶ್ನೆ, ಇನ್ನೊಂದು ಒಂದು ಮಧ್ಯಾಹ್ನದ್ದು. ಆದರೂ ಎರಡರ ಬೇರೂ ಒಂದೇ ಎಂದು ನನಗನ್ನಿಸುತ್ತದೆ. ತನಗೆ ಏನು ರುಚಿಸುತ್ತದೆಂದು ತನಗೇ ಇನ್ನೂ ತಿಳಿಯದಿರುವಾಗ, ಮನುಷ್ಯ ಬೇರೆಯವರ ಆಯ್ಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಸಣ್ಣ ಪ್ರಶ್ನೆಯಿಂದಲೇ ಶುರು ಮಾಡೋಣ. ಸಾಲಿನ ಪರವಾಗಿ ಹೇಳಬಹುದಾದದ್ದು ಕಡಿಮೆಯೇನಿಲ್ಲ. ಡಿಮ್ ಸಮ್ ಎಂದರೆ ಚಹಾದ ಜೊತೆ ತಿನ್ನುವ ಸಣ್ಣ ಸಣ್ಣ ತಿನಿಸುಗಳು. ಅವುಗಳಲ್ಲಿ ಹೆಚ್ಚಿನವು ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೆಂದು ಬರುತ್ತವೆ. ಸೀಗಡಿ ತುಂಬಿದ ಹಾರ್ ಗಾವ್, ಹಂದಿಮಾಂಸದ ಸಿಯು ಮಾಯ್, ಅಕ್ಕಿಹಿಟ್ಟಿನ ತೆಳು ಹಾಳೆಯನ್ನು ಸುರುಳಿ ಸುತ್ತಿದ ಚ್ಯಂಗ್ ಫನ್. ಇವು ಕಾಯುವ ಪದಾರ್ಥಗಳಲ್ಲ. ಹಾರ್ ಗಾವ್‌ನ ಹೊರಪದರಕ್ಕೆ ಗೋಧಿಯ ಪಿಷ್ಟವನ್ನು ಬಿಸಿನೀರಿನಲ್ಲಿ ಕಲಸುತ್ತಾರೆ. ಬಿಸಿಯಿದ್ದಾಗ ಗಾಜಿನಂತೆ ಹೊಳೆಯುವ ಅದು ಆರಿದರೆ ಬಿರುಸಾಗಿ ಒಡೆಯುತ್ತದೆ. ಹಾಗಾಗಿ ಗಿರಾಕಿ ಹೆಚ್ಚಿರುವ ಕಡೆ ಬುಟ್ಟಿ ಒಲೆಯಿಂದ ನೇರವಾಗಿ ಮೇಜಿಗೆ ಬರುತ್ತದೆ, ಗಿರಾಕಿ ಕಡಿಮೆಯಿರುವ ಕಡೆ ಅದಕ್ಕೆ ಖಾತ್ರಿ ಇಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಹೆಸರು ಬರೆಸಿ ಕಾಯುವವರಿಗೆ ಈ ತರ್ಕವನ್ನು ವಿವರಿಸಬೇಕಿಲ್ಲ. ಜನ ಸೇರುವುದರಿಂದ ತಿಂಡಿ ಚೆನ್ನಾಗಿರುತ್ತದೆ, ತಿಂಡಿ ಚೆನ್ನಾಗಿರುವುದರಿಂದ ಜನ ಸೇರುತ್ತಾರೆ. ಸಾಲು ಬರೀ ಮರುಳಲ್ಲ, ಅದರಲ್ಲೊಂದು ಮಾಹಿತಿ ಇದೆ.

ಇದಕ್ಕೆ ಪ್ರತಿಯಾಗಿ ಬಲವಾದ ವಾದವೊಂದನ್ನು ಹೂಡಿದವರು ಮುಂದೆ 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ. ಮಂದೆಯಂತೆ ನಡೆಯುವ ಮನುಷ್ಯರ ಬಗ್ಗೆ 1992ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಕೊಟ್ಟ ಉದಾಹರಣೆಯೇ ಅಕ್ಕಪಕ್ಕದ ಎರಡು ರೆಸ್ಟೋರೆಂಟುಗಳದ್ದು. ಮೊದಲನೆಯದು ತುಸು ಮೇಲೆಂಬ ಎಳೆಯಷ್ಟು ನಂಬಿಕೆ ಊರಿನಲ್ಲಿದೆ. ಆದರೆ ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿಗೆ ಎರಡನೆಯದೇ ಒಳ್ಳೆಯದೆಂಬ ಖಾಸಗಿ ಸುಳಿವು ಸಿಕ್ಕಿದೆ. ಒಬ್ಬನಿಗೆ ಮಾತ್ರ ಉಲ್ಟಾ ಸುಳಿವು. ಆ ಒಬ್ಬನೇ ಮೊದಲು ಒಳಗೆ ಹೋದನೆನ್ನಿ. ಎರಡನೆಯವನು ಅವನನ್ನು ನೋಡುತ್ತಾನೆ. ತನ್ನ ಸುಳಿವಿಗೂ ಅವನ ಸುಳಿವಿಗೂ ಸರಿಹೋಯಿತೆಂದು ಊರ ನಂಬಿಕೆಯನ್ನೇ ಹಿಡಿದು ಅಲ್ಲಿಗೇ ಹೋಗುತ್ತಾನೆ. ಮೂರನೆಯವನೂ ಹಾಗೆಯೇ. ಕೊನೆಗೆ ನೂರು ಜನರೂ ಮೊದಲನೆಯದರಲ್ಲಿ, ಒಳ್ಳೆಯ ಅಂಗಡಿ ಖಾಲಿ. ಇಲ್ಲಿ ಯಾರೂ ಮೂರ್ಖರಲ್ಲ ಎಂಬುದೇ ಈ ಲೆಕ್ಕದ ಮೊನಚು. ಪ್ರತಿಯೊಬ್ಬನೂ ವಿವೇಕದಿಂದಲೇ ಹೆಜ್ಜೆಯಿಟ್ಟಿದ್ದಾನೆ, ಆದರೆ ತನಗೆ ಗೊತ್ತಿದ್ದುದನ್ನು ತನ್ನಲ್ಲೇ ನುಂಗಿಕೊಂಡಿದ್ದಾನೆ. ಸಾಲು ಉದ್ದವಾದಷ್ಟೂ ಅದರೊಳಗಿನ ಮಾಹಿತಿ ಹೆಚ್ಚಿತೆಂದು ಹೇಳಲಾಗದು.

ಸಾಲಿನ ಪರ ಇರುವವರು ಇದಕ್ಕೂ ಉತ್ತರ ಕೊಡಬಲ್ಲರು. ಆ ಲೆಕ್ಕದಲ್ಲಿ ಪ್ರತಿಯೊಬ್ಬನೂ ಆಯ್ಕೆ ಮಾಡುವುದು ಒಂದೇ ಸಲ. ನಿಜದ ಊರಿನಲ್ಲಿ ತಿಂದವನು ಮರಳಿ ಬರುತ್ತಾನೆ, ಇಲ್ಲವೇ ಬರುವುದಿಲ್ಲ, ನೆರೆಮನೆಯವರಿಗೂ ಹೇಳುತ್ತಾನೆ. ಬಡಾವಣೆಯ ಹಿರಿಯರೇ ತುಂಬಿರುವ ಸಾಲಿಗೂ, ಪ್ರವಾಸಿಗರು ಮೊಬೈಲಿನಲ್ಲಿ ಪಟ್ಟಿ ನೋಡಿಕೊಂಡು ಬಂದು ನಿಂತ ಸಾಲಿಗೂ ಇರುವ ವ್ಯತ್ಯಾಸ ದೊಡ್ಡದು. ಆದರೆ ಇಲ್ಲಿ ಇನ್ನೊಂದು ನಷ್ಟದ ಲೆಕ್ಕವಿದೆ, ಅದನ್ನು ಪ್ರವಾಸಿಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕ್ಯಾಂಟನೀಸರಿಗೆ ಈ ಇಡೀ ರೂಢಿ ಮೂಲತಃ ಚಹಾ ಕುಡಿಯುವುದು, ಯಮ್ ಚಾ. ತಿಂಡಿ ಅದಕ್ಕೆ ಜೊತೆ. ಹಾಂಗ್‌ಕಾಂಗ್‌ನ ಸ್ಟ್ಯಾನ್ಲಿ ಬೀದಿಯಲ್ಲಿರುವ, 1933ರಲ್ಲಿ ಶುರುವಾದ ಲುಕ್ ಯು ಚಹಾಮನೆಯಂಥ ಹಳೆಯ ಜಾಗಗಳಲ್ಲಿ ಹಿರಿಯರು ಪತ್ರಿಕೆ ಹರಡಿಕೊಂಡು, ನೀರು ಬೇಕಾದಾಗ ಕುಡಿಕೆಯ ಮುಚ್ಚಳವನ್ನು ಓರೆ ಇಟ್ಟು, ಸುರಿದವರಿಗೆ ಬೆರಳಿನಿಂದ ಮೇಜು ತಟ್ಟಿ ಕೃತಜ್ಞತೆ ಹೇಳುತ್ತಾ ಕೂತಿರುವುದು ಆ ಕಾರಣಕ್ಕೆ. ಹೊರಗೆ ಸಾಲು ಕಾಯುತ್ತಿರುವ ಅಂಗಡಿಯಲ್ಲಿ ಹಾಗೆ ಕೂರುವಂತಿಲ್ಲ. ಬಾಯಿ ಒರೆಸಿಕೊಳ್ಳುವ ಮೊದಲೇ ಬಿಲ್ಲು ಬಂದಿರುತ್ತದೆ. ತಿಂಡಿ ಗೆದ್ದಲ್ಲಿ ಚಹಾ ಸೋಲುತ್ತದೆ. (ಸಸ್ಯಾಹಾರಿ ಓದುಗರಿಗೊಂದು ಮಾತು: ಮೂಲಂಗಿಯದೆಂದು ಕಾಣುವ ಲೋ ಬಾಕ್ ಗೋ ಎಂಬ ಬಿಲ್ಲೆಯಲ್ಲೂ ಒಣಸೀಗಡಿ ಇರುವುದೇ ಹೆಚ್ಚು. ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ಚಿ ಲಿನ್ ಭಿಕ್ಷುಣಿಯರ ಮಠದ ಪಕ್ಕದ ನಾನ್ ಲಿಯಾನ್ ತೋಟದಲ್ಲಿರುವ ಸಸ್ಯಾಹಾರಿ ಊಟದ ಮನೆ ಲೇಸು.)

ಈಗ ದೊಡ್ಡ ಪ್ರಶ್ನೆ. ಬ್ಯಾನರ್ಜಿಯವರ ನೂರು ಜನ ನಮ್ಮ ಪಿಯುಸಿ ತರಗತಿಗಳಲ್ಲೂ ಇದ್ದಾರೆ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೆ ಮುಗಿಬೀಳುವವರಲ್ಲಿ ಎಷ್ಟು ಮಂದಿ ಆ ವಿಷಯದ ರುಚಿ ನೋಡಿದ್ದಾರೆ? ಆದರೆ ಅವರ ತಂದೆತಾಯಿಯರನ್ನು ಆಡಿಕೊಳ್ಳುವ ಮುನ್ನ ಆ ಸಾಲು ಹೇಗೆ ಹುಟ್ಟಿತೆಂಬುದನ್ನೂ ನೋಡಬೇಕು. ಮೊದಲು ಹೋದವರಿಗೆ ಕೆಲಸ ಸಿಕ್ಕಿತು, ಮನೆ ಕಟ್ಟಿದರು, ತಂಗಿಯರನ್ನು ಓದಿಸಿದರು. ಅದು ಕಣ್ಣಾರೆ ಕಂಡ ಸಾಕ್ಷ್ಯ. ಇನ್ನೂ ಹಿಂದೆ ಹೋದರೆ, ಕರಾವಳಿಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂತ ಹುಡುಗರ ಪೀಳಿಗೆಯೊಂದಿದೆ. ಅವರಿಗೆ ಹೋಟೆಲು ಊಟ ಮತ್ತು ಮಲಗಲು ಜಾಗ. ಸಾರ್ಥಕತೆ ಇದ್ದರೆ ಅದು ರಾತ್ರಿಶಾಲೆಯಲ್ಲಿ, ಊರಿಗೆ ಕಳಿಸಿದ ಮನಿಯಾರ್ಡರಿನಲ್ಲಿ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೆ. ಕೃಷ್ಣರಾಯರೂ ಅಡುಗೆಮನೆಯ ಆಳಾಗಿಯೇ ದುಡಿಮೆ ಆರಂಭಿಸಿದವರು. ಅಂಥವರ ಮುಂದೆ ನಿಂತು ನಿಮ್ಮ ಮನಸ್ಸಿನ ಕರೆ ಏನೆಂದು ಕೇಳಿದ್ದರೆ, ಆ ಪ್ರಶ್ನೆ ಎಷ್ಟು ಹೊಟ್ಟೆ ತುಂಬಿದವರದೆಂದು ಅವರಿಗೆ ಅನ್ನಿಸದೆ ಇರುತ್ತಿರಲಿಲ್ಲ.

ಹಾಗೆಂದು ಹೊಟ್ಟೆ ತುಂಬಿದ ಮೇಲೆ ಹುಟ್ಟುವ ಪ್ರಶ್ನೆ ಸುಳ್ಳು ಪ್ರಶ್ನೆಯಾಗುವುದಿಲ್ಲ. ಸಾರ್ಥಕತೆಯ ಪಕ್ಷದ ಗಟ್ಟಿ ವಾದ ಇಲ್ಲಿಂದ ಶುರುವಾಗುತ್ತದೆ. ಎಚ್ಚರವಿರುವ ಹೊತ್ತಿನ ಬಹುಭಾಗ ಕೆಲಸದಲ್ಲೇ ಕಳೆಯುವಾಗ, ಅದನ್ನು ಬರೀ ಸಂಬಳದ ದಾರಿಯೆಂದುಕೊಂಡರೆ ಬದುಕಿನ ಬಹುಭಾಗವನ್ನು ಕಾಯುವ ಕೋಣೆಯೆಂದು ಒಪ್ಪಿಕೊಂಡಂತೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ವಾದಿಸಿದ್ದು ಇದನ್ನೇ: ಸ್ವಂತ ನಿರ್ಧಾರಕ್ಕೆ ಅವಕಾಶ, ಕೈಚಳಕ ಬೆಳೆಯುವ ಅನುಭವ, ಜೊತೆಯವರೊಂದಿಗಿನ ನಂಟು, ಈ ಮೂರೂ ಮನುಷ್ಯನ ಮೂಲ ಅಗತ್ಯಗಳು, ಶೋಕಿಗಳಲ್ಲ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅವರ ವಿಚಿತ್ರ ಪ್ರಯೋಗವೊಂದನ್ನೂ ಈ ಪಕ್ಷ ಮುಂದಿಡಬಹುದು. ಕೆಲಸ ಬಿಡುವುದೇ ಮೊದಲಾದ ದೊಡ್ಡ ನಿರ್ಧಾರಗಳಲ್ಲಿ ಅನುಮಾನಿಸುತ್ತಿದ್ದವರಿಗೆ ಅವರು ಅಂತರ್ಜಾಲದಲ್ಲಿ ನಾಣ್ಯ ಚಿಮ್ಮಲು ಅವಕಾಶ ಮಾಡಿದರು; ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಆರು ತಿಂಗಳ ಬಳಿಕ ವಿಚಾರಿಸಿದಾಗ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಮಾಡಿಕೊಳ್ಳದವರಿಗಿಂತ ಹೆಚ್ಚು ಸುಖವಾಗಿದ್ದೇವೆ ಎಂದರು. ಹೊಯ್ದಾಟದ ಅಂಚಿಗೆ ಬಂದವರು ಬಿಡುವುದಕ್ಕೇ ಹೆಚ್ಚು ಅಂಜುತ್ತಾರೆ, ಅಷ್ಟು ಅಂಜಬೇಕಿಲ್ಲ ಎಂಬುದು ಇದರ ತಿರುಳು. ಆದರೆ ಅವರೆಲ್ಲ ಆಗಲೇ ಅಂಚಿಗೆ ಬಂದು ನಿಂತಿದ್ದವರೆಂಬುದನ್ನು ಎದುರು ಪಕ್ಷ ನೆನಪಿಸಿದರೆ ತಪ್ಪೆನ್ನಲಾಗದು. ಕೆಲಸದಲ್ಲಿ ಹೇಗೋ ಒಗ್ಗಿಕೊಂಡಿರುವವನಿಗೆ ಆ ನಾಣ್ಯ ಏನನ್ನೂ ಹೇಳುವುದಿಲ್ಲ.

ಎದುರು ಪಕ್ಷದ ಬಳಿ ಇದಕ್ಕಿಂತ ತೀಕ್ಷ್ಣವಾದ ವಾದವೊಂದಿದೆ: ಸಾರ್ಥಕತೆಗೂ ಬೆಲೆಯಿದೆ, ಮತ್ತು ಆ ಬೆಲೆಯನ್ನು ತೆರುವವನು ಕೆಲಸಗಾರನೇ. ಅಮೆರಿಕದ ಮೃಗಾಲಯಗಳ ಪ್ರಾಣಿಪಾಲಕರನ್ನು ಕುರಿತು ಬಂಡರ್ಸನ್ ಮತ್ತು ಥಾಂಪ್ಸನ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಇದೇ ತಮ್ಮ ಜೀವನದ ಕರೆ ಎಂದುಕೊಂಡವರಿಗೆ ಕೆಲಸದಲ್ಲಿ ಆಳವಾದ ಅರ್ಥ ಸಿಗುತ್ತಿತ್ತು. ಅವರೇ ಸಂಬಳ, ಸಮಯ, ಸುಖಗಳನ್ನು ಹೆಚ್ಚು ಬಿಟ್ಟುಕೊಡಲೂ ಸಿದ್ಧರಿದ್ದರು. 2020ರಲ್ಲಿ ಪ್ರಕಟವಾದ ಇನ್ನೊಂದು ಸರಣಿ ಪ್ರಯೋಗಗಳಲ್ಲಿ, ಕೆಲಸವನ್ನು ಪ್ರೀತಿಸುವವನೆಂದು ವರ್ಣಿಸಿದರೆ ಸಾಕು, ಅವನಿಂದ ಬಿಟ್ಟಿ ದುಡಿಸಿಕೊಳ್ಳುವುದು ನೋಡುವವರಿಗೆ ಅಷ್ಟು ಅನ್ಯಾಯವೆಂದು ತೋರುತ್ತಿರಲಿಲ್ಲ. ಡಿಮ್ ಸಮ್ ಅಡುಗೆಮನೆಗೆ ಇದನ್ನು ಅನ್ವಯಿಸಿ ನೋಡಿ. ಬೆಳಗಿನ ಗಿರಾಕಿಗೆ ಬುಟ್ಟಿ ಸಿದ್ಧವಿರಬೇಕೆಂದರೆ ಒಳಗೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ದೀಪ ಹತ್ತಬೇಕು. ವಯಸ್ಕರ ದುಡಿಮೆಗೆ ಇಷ್ಟೇ ಗಂಟೆಯೆಂಬ ಸಾಮಾನ್ಯ ಮಿತಿಯನ್ನು ಹಾಂಗ್‌ಕಾಂಗ್ ಕಾನೂನು ಹಾಕಿಲ್ಲ. ಕನಿಷ್ಠ ವೇತನ ಜಾರಿಗೆ ಬಂದದ್ದೇ 2011ರಲ್ಲಿ, ಗಂಟೆಗೆ 28 ಹಾಂಗ್‌ಕಾಂಗ್ ಡಾಲರಿನಂತೆ. ಕಸುಬಿನ ಪ್ರೀತಿಯನ್ನು ಹಾಡಿ ಹೊಗಳುವ ಲೇಖನಗಳಲ್ಲಿ ಈ ಅಂಕಿಗಳು ಬರುವುದು ಅಪರೂಪ.

ಸಾರ್ಥಕತೆಯ ಪಕ್ಷ ಇದಕ್ಕೆ ಕೊಡುವ ಉತ್ತರವನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ರೀತಿಸುವವರನ್ನು ಶೋಷಿಸುತ್ತಾರೆಂದರೆ ಗುಣವಾಗಬೇಕಾದ್ದು ಶೋಷಣೆಯೇ ಹೊರತು ಪ್ರೀತಿಯಲ್ಲ. ನ್ಯಾಯವಾದ ಕೂಲಿ ಕೇಳೋಣ, ಗಂಟೆಗೆ ಮಿತಿ ಕೇಳೋಣ. ಮನಸ್ಸಿಲ್ಲದ ಕೆಲಸದಲ್ಲಿ ಶೋಷಣೆ ಇಲ್ಲವೆಂದು ಯಾರು ಹೇಳಿದರು? ಅಲ್ಲಿಯೂ ರಾತ್ರಿ ಹತ್ತಕ್ಕೆ ಕರೆ ಬರುತ್ತದೆ, ಮಿಂಚಂಚೆ ಬರುತ್ತದೆ; ಸಂತೋಷವೊಂದು ಇಲ್ಲ, ಅಷ್ಟೆ.

ಈ ವಾದಕ್ಕೆ ನಮ್ಮ ನಾಡಿನ ಹಳೆಯ ದನಿಯೊಂದು ಅಡ್ಡ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎತ್ತಿ ಹಿಡಿದದ್ದು ನಿಜ, ಆದರೆ ಅವರಲ್ಲಿ ಕಾಯಕ ಒಂಟಿಯಲ್ಲ, ದಾಸೋಹ ಅದರ ಜೊತೆಯಲ್ಲೇ ಇತ್ತು. ದುಡಿಮೆ ತನ್ನೊಳಗಿನ ಹಸಿವನ್ನು ತಣಿಸಿತೇ ಎಂಬುದಕ್ಕಿಂತ ಅದು ಯಾರಿಗೆ ಸಂದಿತು ಎಂಬುದು ದೊಡ್ಡದಾಗಿತ್ತು. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಆಕೆಯ ಪ್ರಶ್ನೆ ಇಂದಿನ ಎರಡೂ ಪಕ್ಷಗಳಿಗೆ ಮುಜುಗರ ತರುವಂಥದ್ದು: ಸಂಬಳವೇ ಮುಖ್ಯವೆನ್ನುವವರಿಗೆ ಸಾಕೆಂಬುದು ಎಲ್ಲಿದೆ, ಸಾರ್ಥಕತೆಯೇ ಮುಖ್ಯವೆನ್ನುವವರಿಗೆ ನಾನೆಂಬುದು ಎಲ್ಲಿ ಮುಗಿಯುತ್ತದೆ. ಈ ಆದರ್ಶವನ್ನೂ ಜಾಗರೂಕತೆಯಿಂದ ಬಳಸಬೇಕು. ಕಚೇರಿಯ ಗೋಡೆಗೆ ಕಾಯಕದ ಫಲಕ ತೂಗುಹಾಕಿ ಹೆಚ್ಚುವರಿ ದುಡಿಮೆಯ ಭತ್ಯೆ ತಪ್ಪಿಸುವವರೂ ಇದ್ದಾರೆ. ಶರಣರ ಮಾತು ಹುಟ್ಟಿನ ಮೇಲರಿಮೆಯನ್ನು ಮುರಿಯಲು ಹೊರಟದ್ದು. ಸಿಕ್ಕಿದ್ದರಲ್ಲಿ ತೆಪ್ಪಗಿರು ಎಂಬ ಉಪದೇಶವಾಗಿ ಅದನ್ನು ಓದುವುದು ನ್ಯಾಯವಲ್ಲ.

ಕೆಲಸ ಬಿಟ್ಟು ಹೋಟೆಲು ತೆರೆಯುವ ಕನಸು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಊಟದ ಬಿಡುವಿನಲ್ಲಿ ಆಗಾಗ ಸುಳಿಯುತ್ತದೆ, ಹಾಗಾಗಿ ಅದರ ಮುಂದೆ ಕೊಂಚ ಹೆಚ್ಚು ಹೊತ್ತು ನಿಲ್ಲುವುದು ಸರಿ. ಹತ್ತರಲ್ಲಿ ಒಂಬತ್ತು ಹೋಟೆಲು ಮೊದಲ ವರ್ಷವೇ ಮುಳುಗುತ್ತವೆ ಎಂದು ಹೆದರಿಸುವ ಮಾತೊಂದಿದೆ. ಅದು ಉತ್ಪ್ರೇಕ್ಷೆ. ಅಮೆರಿಕದ ಕೊಲಂಬಸ್ ನಗರದ ರೆಸ್ಟೋರೆಂಟುಗಳನ್ನು ಕುರಿತು ಪಾರ್ಸಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೊದಲ ವರ್ಷ ಮುಚ್ಚಿದವು ಸುಮಾರು ಕಾಲು ಭಾಗ. ಆದರೆ ಮೂರು ವರ್ಷ ತುಂಬುವಾಗ ಆ ಪ್ರಮಾಣ ಹೆಚ್ಚುಕಡಿಮೆ ಶೇ. 60. ಕನಸಿನ ಪರ ಇರುವವರಿಗೆ ಮೊದಲ ಅಂಕಿ ಧೈರ್ಯ ಕೊಟ್ಟೀತು, ಮನೆಯ ಸಾಲದ ಕಂತು ಕಟ್ಟುವವರಿಗೆ ಎರಡನೆಯದು ನಿದ್ದೆ ಕೆಡಿಸೀತು. ಒಂದೇ ನಗರದ ಲೆಕ್ಕವೆಂಬುದನ್ನೂ ಮರೆಯಬಾರದು.

ಅಂಕಿಗಿಂತ ಮುಖ್ಯವಾದ ತೊಡಕು ಬೇರೆಯೇ ಇದೆ ಎಂದು ನನಗೆ ತೋರುತ್ತದೆ. ತಿನ್ನುವವನ ಡಿಮ್ ಸಮ್ ಬೇರೆ, ಮಾಡುವವನ ಡಿಮ್ ಸಮ್ ಬೇರೆ. ಮೇಜಿನ ಈಚೆ ಕೂತವನಿಗೆ ಅದು ಸ್ವಲ್ಪ ಸ್ವಲ್ಪವೇ ಎಲ್ಲವನ್ನೂ ರುಚಿ ನೋಡುವ ಊಟ. ಒಂದು ಬುಟ್ಟಿ ಹಿಡಿಸದಿದ್ದರೆ ಪಕ್ಕಕ್ಕೆ ಸರಿಸಿ ಇನ್ನೊಂದನ್ನು ತರಿಸಬಹುದು. ಅಡುಗೆಮನೆಯಲ್ಲಿ ಅಂಥ ಸೌಕರ್ಯವಿಲ್ಲ. ಕಲಿಯಲು ಬಂದವನು ಮೊದಲು ತೊಳೆಯುತ್ತಾನೆ, ಸೀಗಡಿ ಸುಲಿಯುತ್ತಾನೆ, ಹೂರಣ ಕಲಸುತ್ತಾನೆ, ಹಬೆಯ ಮುಂದೆ ನಿಂತು ಬೇಯುತ್ತಾನೆ. ಹಿಟ್ಟು ಅವನ ಕೈಗೆ ಬರುವಾಗ ಎಷ್ಟೋ ಕಾಲವಾಗಿರುತ್ತದೆ. ಅಗಲವಾದ ಕತ್ತಿಯ ಚಪ್ಪಟೆ ಬದಿಯಿಂದ ಹಿಟ್ಟಿನ ಉಂಡೆಯನ್ನು ಒತ್ತಿ ತೆಳು ಬಿಲ್ಲೆ ಮಾಡಿ, ಹೂರಣವಿಟ್ಟು, ಒಂದೇ ಬದಿಗೆ ನೆರಿಗೆ ಹಿಡಿಯಬೇಕು. ಒಳ್ಳೆಯ ಹಾರ್ ಗಾವ್‌ಗೆ ಹತ್ತಾದರೂ ನೆರಿಗೆ ಇರಬೇಕೆಂದು ಬಲ್ಲವರು ಹೇಳುತ್ತಾರೆ. (ತಟ್ಟೆ ಬಂದೊಡನೆ ನೆರಿಗೆ ಎಣಿಸಲು ಕೂರುವವರ ಬಗ್ಗೆ ನನಗೆ ಸ್ವಲ್ಪ ಗುಮಾನಿ, ಅಷ್ಟರಲ್ಲಿ ಅದು ಆರಿರುತ್ತದೆ.) ಒಂದನ್ನು ಚೆಂದಗೆ ಮಡಿಸುವುದು ಸಂತೋಷ. ಪ್ರತಿ ನಸುಕಿನಲ್ಲೂ ನೂರಾರನ್ನು ಒಂದೇ ಥರ ಮಡಿಸುವುದು ಬೇರೆ ಜಾತಿಯ ಸಂತೋಷ, ಅದು ಎಲ್ಲರಿಗೂ ದಕ್ಕುವಂಥದ್ದಲ್ಲ. ಯುವಕರು ಈ ಕಸುಬಿಗೆ ಬರುತ್ತಿಲ್ಲ, ಯಂತ್ರದಲ್ಲಿ ತಯಾರಾಗಿ ಹೆಪ್ಪುಗಟ್ಟಿದ ತಿನಿಸುಗಳು ಅಂಗಡಿಗಳನ್ನು ತುಂಬುತ್ತಿವೆ ಎಂದು ಹಳೆಯ ಬಾಣಸಿಗರು ಕೊರಗುವುದರ ಹಿಂದೆ ಇದೇ ಇದೆ. ಯುವಕರನ್ನು ದೂರುವುದೂ ಕಷ್ಟ.

ಇಷ್ಟೆಲ್ಲ ಕೇಳಿದ ಮೇಲೂ, ಇರುವ ಕೆಲಸದಲ್ಲೇ ಇರು ಎಂಬ ಸಲಹೆ ತಾನಾಗಿ ಗೆಲ್ಲುವುದಿಲ್ಲ. ಭದ್ರವೆಂದುಕೊಂಡ ಕೆಲಸವೂ ಒಂದು ಬೆಳಿಗ್ಗೆಯ ಮಿಂಚಂಚೆಯಲ್ಲಿ ಮುಗಿಯಬಹುದೆಂಬುದನ್ನು ತಂತ್ರಜ್ಞಾನ ಉದ್ಯಮದವರು ಈಚಿನ ವರ್ಷಗಳಲ್ಲಿ ಕಂಡಿದ್ದಾರೆ. ಮನಸ್ಸನ್ನು ಒತ್ತೆಯಿಟ್ಟು ಪಡೆದ ಭದ್ರತೆಯೇ ಕೈಕೊಟ್ಟರೆ ಎರಡೂ ಹೋದಂತೆ.

ಎರಡು ಪಕ್ಷಗಳೂ ಒಂದು ಅಂಶವನ್ನು ಸಮಾನವಾಗಿ ಕಡೆಗಣಿಸಿವೆ ಎನ್ನಬಹುದು. ಸಾರ್ಥಕತೆ ಇಂಥ ಹುದ್ದೆಯಲ್ಲಿದೆ, ಇಂಥ ಹುದ್ದೆಯಲ್ಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡೇ ಜಗಳಕ್ಕಿಳಿದಿದ್ದಾರೆ. ಏಮಿ ವ್ರೆಸ್ನೆವ್‌ಸ್ಕಿ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಸಂಶೋಧನೆ ಅದನ್ನೇ ಪ್ರಶ್ನಿಸಿತು. ಜನ ತಮ್ಮ ದುಡಿಮೆಯನ್ನು ಮೂರು ಬಗೆಯಾಗಿ ಕಾಣುತ್ತಾರೆ ಎಂದರು ಅವರು: ಸಂಬಳದ ಕೆಲಸವಾಗಿ, ಮೇಲೇರುವ ಏಣಿಯಾಗಿ, ಅಥವಾ ಒಳಗಿನ ಕರೆಯಾಗಿ. ಸೋಜಿಗವೆಂದರೆ ಒಂದೇ ಬಗೆಯ ಆಡಳಿತ ಸಹಾಯಕ ಹುದ್ದೆಯಲ್ಲಿದ್ದ ಇಪ್ಪತ್ತನಾಲ್ಕು ಮಂದಿಯಲ್ಲಿ ಈ ಮೂರೂ ಬಗೆಯವರು ಹೆಚ್ಚುಕಡಿಮೆ ಸಮಪಾಲಿನಲ್ಲಿದ್ದರು. ಆಸ್ಪತ್ರೆಯ ನೆಲ ಒರೆಸುವವರಲ್ಲೂ ಕೆಲವರು ತಮ್ಮನ್ನು ರೋಗಿಯ ಆರೈಕೆಯ ಭಾಗವೆಂದೇ ತಿಳಿದು ಕೆಲಸದ ರೂಪವನ್ನೇ ತಿದ್ದಿಕೊಂಡಿದ್ದನ್ನು ಅವರ ಮುಂದಿನ ಬರಹಗಳು ತೋರಿಸಿದವು. ಸಣ್ಣ ಗುಂಪಿನ ಮೇಲೆ ದೊಡ್ಡ ತೀರ್ಮಾನದ ಭಾರ ಹೊರಿಸಬಾರದು, ನಿಜ. ಮಾಲೀಕನ ಬಾಯಲ್ಲಿ ಇದು ನಿನ್ನ ದೃಷ್ಟಿ ಬದಲಿಸಿಕೋ, ಸಂಬಳ ಕೇಳಬೇಡ ಎಂದಾಗುವ ಅಪಾಯವೂ ಇದೆ. ಆದರೂ ರಾಜೀನಾಮೆ ಬರೆಯುವ ಮುನ್ನ, ಅತೃಪ್ತಿ ಕಸುಬಿನದ್ದೋ, ಆ ಕಚೇರಿಯದ್ದೋ, ಆ ಮೇಲಧಿಕಾರಿಯದ್ದೋ ಎಂದು ವಿಂಗಡಿಸಿ ನೋಡಲು ಇದೊಂದು ಕಾರಣ.

ಈ ವಿಂಗಡಣೆಯ ಬೆಳಕಿನಲ್ಲಿ ಮಾಕ್ ಅವರ ಕಥೆ ಬೇರೆಯಾಗಿ ಕಾಣುತ್ತದೆ. ಅವರು ಬಿಟ್ಟದ್ದು ಹೋಟೆಲನ್ನು, ಕಸುಬನ್ನಲ್ಲ. ಅಡುಗೆಮನೆಯ ದಶಕಗಳ ಅನುಭವ ಕೈಯಲ್ಲಿತ್ತು, ಯಾವುದು ರುಚಿಸುತ್ತದೆಂಬ ಪ್ರಶ್ನೆ ಅವರ ಮಟ್ಟಿಗೆ ಎಂದೋ ತೀರಿತ್ತು. ಬದಲಾದದ್ದು ಯಾರಿಗೆ ಬಡಿಸುವುದು, ಎಷ್ಟಕ್ಕೆ ಬಡಿಸುವುದು ಎಂಬುದು. ಹಾಗಾಗಿ ಈ ಕಥೆ ಮನಸ್ಸಿನ ಕರೆಗೆ ಓಗೊಟ್ಟು ಗೊತ್ತಿಲ್ಲದ್ದಕ್ಕೆ ಧುಮುಕಿದವರ ಪರ ಸಾಕ್ಷಿ ಹೇಳುವುದಿಲ್ಲ. ಇದ್ದಲ್ಲೇ ಇರು ಎನ್ನುವವರ ಪರವಾಗಿಯೂ ಹೇಳುವುದಿಲ್ಲ. ಕಥೆಯ ಮುಂದಿನ ಭಾಗವೂ ಹಾಗೆಯೇ ಎರಡು ಬಗೆಯ ಓದಿಗೆ ಸಲ್ಲುತ್ತದೆ. ಟಿಮ್ ಹೋ ವಾನ್ 2013ರಲ್ಲಿ ಸಿಂಗಾಪುರಕ್ಕೆ, 2016ರಲ್ಲಿ ನ್ಯೂಯಾರ್ಕಿಗೆ ಹೋಯಿತು; ಈಗ ಅದರ ಒಡೆತನ ಫಿಲಿಪೈನ್ಸಿನ ಜಾಲಿಬೀ ಎಂಬ ದೊಡ್ಡ ಕಂಪನಿಯದು. ಮಾಂಗ್ ಕಾಕ್‌ನ ಆ ಮೂಲ ಅಂಗಡಿ ಅಲ್ಲಿಲ್ಲ. ಸಕ್ಕರೆಯ ಹೊರಪದರವಿರುವ ಅದರ ಹಂದಿಮಾಂಸದ ಬನ್ನು ಹಲವು ದೇಶಗಳ ಮಾಲುಗಳಲ್ಲಿ ಸಿಗುತ್ತದೆ. ಒಬ್ಬ ಬಾಣಸಿಗನ ಕೈರುಚಿ ಲಕ್ಷಾಂತರ ಜನರಿಗೆ ತಲುಪಿತೆಂದು ಹೇಳಬಹುದು, ಕೈರುಚಿಯಿಂದ ಕೈ ಕಳಚಿತೆಂದೂ ಹೇಳಬಹುದು. ಎರಡನ್ನೂ ಪ್ರಾಮಾಣಿಕವಾಗಿಯೇ ಹೇಳಬಹುದು.

ತೂಗಿ ನೋಡಿದಾಗ, ತಕ್ಕಡಿ ಸ್ವಲ್ಪ ವಾಲುವುದು ಹೀಗೆ ಎಂದು ನನ್ನ ಅಂದಾಜು. ಸಾಲಿನ ವಿಷಯದಲ್ಲಿ: ಅದನ್ನು ನಂಬಬೇಕು, ಆದರೆ ಅದರಲ್ಲಿ ಯಾರು ನಿಂತಿದ್ದಾರೆಂದು ನೋಡಿ ನಂಬಬೇಕು. ಒಮ್ಮೆ ಹೋಗಿ ತಿಂದು ಬರುವುದು ತಪ್ಪಲ್ಲ. ರಜಾದಿನದ ಬದಲು ವಾರದ ದಿನ, ಊಟದ ಹೊತ್ತಿನ ಬದಲು ಮಧ್ಯಾಹ್ನ ಇಳಿದ ಮೇಲೆ ಹೋದರೆ ಒಳ್ಳೆಯದು, ಆ ಹೊತ್ತಿನಲ್ಲಿ ಹಾಂಗ್‌ಕಾಂಗ್‌ನ ಅನೇಕ ಚಹಾಮನೆಗಳಲ್ಲಿ ಬುಟ್ಟಿಯ ದರವೂ ಕಡಿಮೆ. ಎರಡನೆಯ ಸಲ ಹೋಗುವುದನ್ನು ಮಾತ್ರ ಸಾಲು ನಿರ್ಧರಿಸಬಾರದು, ನಾಲಗೆ ನಿರ್ಧರಿಸಲಿ. ತಿಂದು ಬಂದ ಮೇಲೆ ಹಿಡಿಸಲಿಲ್ಲವೆಂದು ಬಾಯಿಬಿಟ್ಟು ಹೇಳಿದರೆ ಬ್ಯಾನರ್ಜಿಯವರ ಎರಡನೆಯ ಅಂಗಡಿಗೂ ಉಪಕಾರ.

ಕೆಲಸದ ವಿಷಯದಲ್ಲಿ ತೀರ್ಮಾನ ಇಷ್ಟು ಸಲೀಸಲ್ಲ. ಕೈ ಪಳಗುವ ಮೊದಲು ಕರೆಯನ್ನು ನಂಬುವುದು ಅಪಾಯಕರ, ಕೈ ಪಳಗಿದ ಮೇಲೂ ಕರೆಯನ್ನು ಕೇಳಿಸಿಕೊಳ್ಳದಿರುವುದು ನಷ್ಟ ಎಂಬಲ್ಲಿಗೆ ನಾನು ಬರುತ್ತೇನೆ. ಇರುವ ಕೆಲಸವನ್ನು ಇಟ್ಟುಕೊಂಡೇ ಹೊಸದನ್ನು ಸಣ್ಣದಾಗಿ ಆರಂಭಿಸಿ, ಆಮೇಲೆ ಪೂರ್ತಿ ಇಳಿದವರ ಉದ್ಯಮಗಳು ಮುಳುಗುವ ಸಂಭವ ಒಂದೇ ಸಲ ಧುಮುಕಿದವರಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆಯೆಂದು ರಾಫೀ ಮತ್ತು ಫೆಂಗ್ ಎಂಬ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ಹೋಟೆಲಿನ ಕನಸಿರುವವರು ರಜೆ ಹಾಕಿ, ಊಟದ ಕೋಣೆಯಲ್ಲಲ್ಲ, ಪಾತ್ರೆ ತೊಳೆಯುವ ಕಡೆ ನಸುಕಿನ ಪಾಳಿ ಮಾಡಿ ನೋಡಬಹುದು. ಮಾಲೀಕನ ಬದಲು ಅಲ್ಲಿ ಐದು ವರ್ಷದಿಂದ ಹಿಟ್ಟು ನಾದುತ್ತಿರುವವನನ್ನು ಮಾತಾಡಿಸಬಹುದು. ಆದರೆ ಈ ನಡುದಾರಿಗೂ ಗೇಟುಗಳಿವೆ. ಎರಡನೇ ಕೆಲಸ ಮಾಡುತ್ತಿದ್ದರೆಂದು 2022ರಲ್ಲಿ ವಿಪ್ರೋ 300 ಮಂದಿಯನ್ನು ತೆಗೆದುಹಾಕಿತು. ಅವರು ಪ್ರತಿಸ್ಪರ್ಧಿ ಕಂಪನಿಗಳಿಗೆ ದುಡಿಯುತ್ತಿದ್ದರೆಂಬುದು ಕಂಪನಿಯ ನಿಲುವಾಗಿತ್ತು, ಅದು ಬೇರೆ ಮಾತು. ಆದರೂ ಕರಾರುಪತ್ರವನ್ನು ಓದದೆ ಈ ಸಲಹೆಯನ್ನು ಯಾರೂ ಪಾಲಿಸಬಾರದು. ಇನ್ನು ಹಗಲು ಒಂದು ಪಾಳಿ, ಮನೆಗೆ ಬಂದರೆ ಮಕ್ಕಳು ಮತ್ತು ಹಾಸಿಗೆ ಹಿಡಿದ ಅತ್ತೆ ಎಂದಿರುವ ಹೆಣ್ಣುಮಗಳಿಗೆ ಸಂಜೆಯ ಪ್ರಯೋಗಕ್ಕೆ ಸಂಜೆಯೇ ಇರುವುದಿಲ್ಲ. ತಂದೆಯ ಸಾಲ ತೀರಿಸುತ್ತಿರುವವನಿಗೂ ಅಷ್ಟೆ. ಅಂಥವರ ಮಟ್ಟಿಗೆ, ಸದ್ಯಕ್ಕೆ ಕೆಲಸ ಸಂಬಳಕ್ಕಿರಲಿ ಎನ್ನುವವರ ವಾದವೇ ಹೆಚ್ಚು ಸರಿಯೆಂದು ತೋರುತ್ತದೆ, ಕನಿಷ್ಠ ಆ ಸಾಲದ ಕೊನೆಯ ಕಂತು ಮುಗಿಯುವವರೆಗೆ.